ಏಣಿಯ ಬೂಟು ಮತ್ತು ನನ್ನ ಕಾಲು

ಗೆಳೆಯ ಸತ್ತರೆ ಎದೆ ನೋಯುತ್ತದೆ ಎಂದು ಎಷ್ಟೋ ಪುಸ್ತಕಗಳಲ್ಲಿ ಓದಿದ್ದೆ. ಹಿಮ್ಮಡಿ ನೋಯುತ್ತದೆ ಎಂದು ಒಂದರಲ್ಲೂ ಇರಲಿಲ್ಲ. ನಾನು ಪ್ರೆಸ್ಸಿನಲ್ಲಿ ಕರಡು ತಿದ್ದುವವನು. ಊರಿನಲ್ಲಿ ಅಚ್ಚಾಗುವ ಶೋಕಗೀತೆಗಳೆಲ್ಲ ನನ್ನ ಕೆಂಪು ಪೆನ್ನಿನ ಕೆಳಗೇ ಹಾದು ಹೋಗುತ್ತವೆ. ಅವುಗಳಲ್ಲಿ ಕಣ್ಣೀರು ಕೋಡಿ ಹರಿದಿದೆ, ಕರುಳು ಕಿತ್ತು ಬಂದಿದೆ, ಆಕಾಶ ಕಳಚಿ ತಲೆಯ ಮೇಲೆ ಬಿದ್ದಿದೆ. ಒಬ್ಬ ಕವಿಯ ಕಾಲಿಗೂ ಬೊಬ್ಬೆ ಎದ್ದದ್ದಿಲ್ಲ. ಸಾಹಿತ್ಯದ ಆ ಕೊರತೆಯನ್ನು ತುಂಬಲು ವಿಧಿ ಹುಡುಕಿ ಹುಡುಕಿ ನನ್ನನ್ನೇ ಆರಿಸಿತು.

ಸತ್ತವನನ್ನು ಪ್ರೆಸ್ಸಿನಲ್ಲಿ ಎಲ್ಲರೂ ಏಣಿ ಎನ್ನುತ್ತಿದ್ದರು. ಅಚ್ಚಿನ ಮಷೀನು ನಡೆಸುವವನು. ಬಲ್ಬು ಬದಲಾಯಿಸಲು ಅವನಿಗೆ ಸ್ಟೂಲು ಬೇಕಿರಲಿಲ್ಲ. ಫ್ಯಾನಿನ ಧೂಳು ಒರೆಸಲು ಸುಮ್ಮನೆ ಅದರ ಕೆಳಗೆ ನಡೆದು ಹೋದರೆ ಸಾಕಿತ್ತು. ನನ್ನನ್ನು ಅವನು ಅಲ್ಪವಿರಾಮ ಎಂದು ಕರೆಯುತ್ತಿದ್ದ. ನಾನು ಕುಳ್ಳ, ಸ್ವಲ್ಪ ಬಾಗಿದ್ದೇನೆ, ಎಲ್ಲರ ಮಾತಿನ ನಡುವೆ ಬಂದು ನಿಲ್ಲುತ್ತೇನೆ. ಬೇರೆಯವರು ಹಾಗೆ ಕರೆದಿದ್ದರೆ ಜಗಳ ಕಾಯುತ್ತಿದ್ದೆ. ಈಗ ಹಾಗೆ ಕರೆಯುವವರು ಯಾರೂ ಇಲ್ಲ.

ಭಾನುವಾರ ಬೆಳಿಗ್ಗೆ ನಾವಿಬ್ಬರೂ ಊರ ಹಿಂದಿನ ಗುಡ್ಡ ಹತ್ತುತ್ತಿದ್ದೆವು. ತುದಿಯಲ್ಲಿ ನೀರಿನ ಟ್ಯಾಂಕು, ಅದರ ನೆರಳಿನಲ್ಲಿ ಒಂದು ಕಲ್ಲುಬೆಂಚು. ಅಲ್ಲಿ ಕೂತು ಊರಿನ ಸಮಸ್ತ ಸಮಸ್ಯೆಗಳನ್ನೂ ಬಗೆಹರಿಸಿ ಇಳಿದು ಬರುತ್ತಿದ್ದೆವು. (ಊರಿಗೆ ಈ ವಿಷಯ ತಿಳಿಸದಿದ್ದರಿಂದ ಸಮಸ್ಯೆಗಳು ಹಾಗೇ ಉಳಿದುಕೊಂಡಿವೆ.)

ಆ ವಾರ ಅವನು ಫೋನು ಮಾಡಿ, "ಲೋ ಅಲ್ಪವಿರಾಮ, ಹೊಸ ಶೂ ತಗೊಂಡೆ ಕಣೋ, ಕಂದು ಬಣ್ಣದ್ದು. ಭಾನುವಾರ ಗುಡ್ಡದ ಮೇಲೆ ಉದ್ಘಾಟನೆ. ಭಾಷಣ ನಿಂದೇ, ಚಿಕ್ಕದಾಗಿ ಮಾಡು" ಎಂದ. ಶನಿವಾರ ಮಷೀನಿನ ಪಕ್ಕದ ಪೇಪರ್ ಕಟ್ಟಿನ ಮೇಲೆ ಕೂತು, "ಯಾಕೋ ಸುಸ್ತು" ಎಂದ. ಕೆಲಸದ ಹೊತ್ತಿನಲ್ಲಿ ಅವನು ಕೂತದ್ದನ್ನು ನಾವು ನೋಡಿದ್ದು ಅದೊಂದೇ ಸಲ. ಆಮೇಲೆ ಏಳಲಿಲ್ಲ.

ಅವನ ಮನೆಯಲ್ಲಿ ಅವತ್ತು ಕಾಲಿಡಲು ಜಾಗವಿರಲಿಲ್ಲ. ಬಾಗಿಲ ಹೊರಗೆ ಚಪ್ಪಲಿ, ಬೂಟುಗಳ ರಾಶಿ ಬಿದ್ದಿತ್ತು. ನಾನು, ನನ್ನ ಹೆಂಡತಿ, ಪ್ರೆಸ್ಸಿನವರು, ಬೀದಿಯವರು ಎಲ್ಲ ಇದ್ದೆವು, ಕೊನೆಗೆ ನನ್ನ ಭಾವಮೈದ ಕೂಡ ಬಂದಿದ್ದ. ಈ ಭಾವಮೈದನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮನೆಮನೆಗೆ ಹೋಗಿ ನೀರು ಶುದ್ಧ ಮಾಡುವ ಯಂತ್ರ ಮಾರುವುದು ಅವನ ಕಸುಬು, ಕೇಳುವವರು ಎದ್ದು ಹೋಗುವವರೆಗೂ ಮಾತಾಡುವುದು ಅವನ ಹವ್ಯಾಸ. ಏಣಿಗೂ ಒಂದು ಯಂತ್ರ ಅಂಟಿಸಿದ್ದ. "ನೀರೇನೋ ಶುದ್ಧ ಆಗುತ್ತೆ ಕಣೋ, ಆದರೆ ಕುಡಿಯುವಾಗ ನಿನ್ನ ಭಾವಮೈದನ ಧ್ವನಿ ಕೇಳಿಸುತ್ತೆ" ಎಂದು ಏಣಿ ಗೋಳಾಡಿದ್ದ. ಭಾವಮೈದನನ್ನು ಕಂಡರೆ ಆಗದಿರುವುದು ನಮ್ಮಿಬ್ಬರ ಸ್ನೇಹದ ಗಟ್ಟಿ ತಳಪಾಯಗಳಲ್ಲೊಂದು.

ಕೆಲವು ದಿನ ಕಳೆದು ನಾನೂ ನನ್ನವಳೂ ಅತ್ತಿಗೆಯನ್ನು ನೋಡಲು ಹೋದೆವು. (ಏಣಿ ನನಗಿಂತ ದೊಡ್ಡವನಾದ್ದರಿಂದ ಅವನ ಹೆಂಡತಿ ನನಗೆ ಅತ್ತಿಗೆ.) ಹೊರಡುವಾಗ ಅತ್ತಿಗೆ ಒಂದು ಬಟ್ಟೆಯ ಚೀಲ ತಂದು, ಮುಖ ಆ ಕಡೆ ತಿರುಗಿಸಿಕೊಂಡು, ನನ್ನ ಕೈಗೆ ಕೊಟ್ಟರು.

"ಅವತ್ತು ಎಲ್ಲರೂ ಹೋದ ಮೇಲೆ ಬಾಗಿಲ ಹತ್ತಿರ ಇವರ ಶೂ ಒಂದೇ ಉಳಿದಿತ್ತು. ನನಗೆ ನೋಡೋಕಾಗಲ್ಲ. ಹಾಗೇ ಚೀಲಕ್ಕೆ ಹಾಕಿಟ್ಟೆ. ಗುಡ್ಡ ಹತ್ತಬೇಕು ಅಂತ ತಂದಿದ್ದು. ನೀವು ಹಾಕ್ಕೊಂಡು ಹೋಗಿ."

ಆ ಕ್ಷಣ ನಾನು ಮನಸ್ಸಿನಲ್ಲೇ ಪ್ರತಿಜ್ಞೆ ಮಾಡಿದೆ: ಈ ಬೂಟು ಗುಡ್ಡದ ತುದಿ ನೋಡಬೇಕು, ನನ್ನ ಕಾಲಿನಲ್ಲೇ ನೋಡಬೇಕು. ಏಣಿಗೆ ನಾನು ಮಾಡಬಹುದಾದದ್ದು ಅದೊಂದೇ ಉಳಿದಿತ್ತು. ಭೀಷ್ಮ ಕೂಡ ತನ್ನ ಪ್ರತಿಜ್ಞೆ ಮಾಡುವ ಮೊದಲು ಅಳತೆ ನೋಡಿರಲಿಕ್ಕಿಲ್ಲ.

ಮನೆಗೆ ಬಂದು ಬೂಟು ಹಾಕಿ ನೋಡಿದೆ. ಕಾಲು ಮುಕ್ಕಾಲು ಒಳಗೆ ಹೋಗಿ ನಿಂತುಬಿಟ್ಟಿತು.

"ಹಿಡೀತಿದೆಯಾ?" ಎಂದಳು ನನ್ನವಳು.

"ಹೊಸದಲ್ವಾ, ಸ್ವಲ್ಪ ಸಂಕೋಚ."

"ಸಂಕೋಚ ಯಾರಿಗೆ, ಶೂಗಾ? ರೀ, ಅವರು ಅಷ್ಟೆತ್ತರ ಇದ್ರು. ನಿಮಗೇ ಹಿಡಿಯೋ ಶೂ ಅವರಿಗೆ ಹೇಗೆ ಆಗ್ತಿತ್ತು?"

"ಕೆಲವು ದೊಡ್ಡ ಕಟ್ಟಡಗಳಿಗೆ ಪಾಯ ಸಣ್ಣದಿರುತ್ತೆ."

"ಅಂಥ ಕಟ್ಟಡ ಬಿದ್ದುಹೋಗುತ್ತೆ."

"ಬಿದ್ದೇ ಹೋಯಿತಲ್ಲ" ಎಂದೆ. ಅವಳು ಎದ್ದು ಹೋದಳು. ಅಡುಗೆಮನೆಯಿಂದ ಚಮಚ ತಂದು, ನನ್ನ ಹಿಮ್ಮಡಿಯ ಹಿಂದೆ ತೂರಿಸಿ, ಡಬ್ಬದ ಮುಚ್ಚಳ ಮೀಟುವ ಹಾಗೆ ಮೀಟಿ, ಕಾಲನ್ನು ಒಳಗೆ ತಳ್ಳಿದಳು.

ಮರುದಿನ ಬೆಳಿಗ್ಗೆ ಬೀದಿಯ ಮೂಲೆಯವರೆಗೆ ಹೋಗಿ ಬಂದೆ. ಗುಡ್ಡಕ್ಕೆ ಮುನ್ನ ಬೂಟಿಗೆ ಅಭ್ಯಾಸವಾಗಲಿ ಎಂದು. ಬೂಟಿಗೆ ಏನೂ ಆಗಲಿಲ್ಲ. ನನ್ನ ಹಿಮ್ಮಡಿಯ ಮೇಲೆ ದ್ರಾಕ್ಷಿಯಷ್ಟು ದಪ್ಪದ ಬೊಬ್ಬೆ ಎದ್ದಿತು. ನಾನು ಸೂಜಿ ಹುಡುಕುತ್ತಿದ್ದೆ.

"ಸೂಜಿ ಅಲ್ಲೇ ಇಡಿ. ಬೊಬ್ಬೆ ಒಡೀಬಾರದು" ಎಂದಳು.

"ಒಳಗಿನ ನೀರು ತೆಗೆದರೆ ಹಗುರ ಆಗುತ್ತೆ."

"ಆ ಚರ್ಮವೇ ಅದರ ಮುಚ್ಚಳ. ಒಡೆದರೆ ಕೀವಾಗುತ್ತೆ, ಆಮೇಲೆ ಇಡೀ ಕಾಲು ಹಗುರ ಆಗುತ್ತೆ, ಕತ್ತರಿಸಿ ತೆಗೀತಾರೆ."

ಸೋಪು ನೀರಿನಲ್ಲಿ ತೊಳೆದು, ಒರೆಸಿ, ಮೇಲೆ ಬಟ್ಟೆ ಸಡಿಲವಾಗಿ ಕಟ್ಟಿದಳು. ನಾಲ್ಕು ದಿನ ಚಪ್ಪಲಿ ಹಾಕಿ ಎಂದಳು. ನಾನು ಒಂದೇ ದಿನ ಹಾಕಿದೆ. ಪ್ರತಿಜ್ಞೆ ಮಾಡಿದವನಿಗೆ ಚಪ್ಪಲಿಯೇ?

ಎರಡನೆಯ ನಡಿಗೆಗೆ ಹೆಬ್ಬೆರಳಿನ ಉಗುರು ಕಪ್ಪಾಯಿತು. ಉಗುರಿನ ಕೆಳಗೆ ರಕ್ತ ಹೆಪ್ಪುಗಟ್ಟಿ, ಇರುಳಿಡೀ ಅದು ಗಡಿಯಾರದ ಹಾಗೆ ಮಿಡಿಯಿತು. ಆಮೇಲಿನ ನಡಿಗೆಗೆ ಹಿಮ್ಮಡಿಯ ಮೇಲೆ, ಮೀನಖಂಡದಿಂದ ಇಳಿದು ಬರುತ್ತದಲ್ಲ ಆ ದಪ್ಪ ಹಗ್ಗದಂಥದ್ದು, ಅದು ಬಿಗಿದು ಸಿಡಿಯುವ ಹಾಗಾಯಿತು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ. ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದು ಹೋಗುತ್ತಿದ್ದೆ, ಬರುವಾಗ ಗೋಡೆಯೇ ನನ್ನನ್ನು ಹಿಡಿದುಕೊಂಡು ಬರುತ್ತಿತ್ತು.

ಬೂಟು ಹಿಗ್ಗಿಸಲು ಒಂದು ಉಪಾಯ ಮಾಡಿದೆ. ಪ್ರೆಸ್ಸಿನಿಂದ ರದ್ದಿ ಕರಡುಗಳನ್ನು ತಂದು, ಒದ್ದೆ ಮಾಡಿ, ಉಂಡೆ ಕಟ್ಟಿ ಬೂಟಿನೊಳಗೆ ತುರುಕಿ, ಗಾಳಿಗಿಟ್ಟೆ. ಬೆಳಿಗ್ಗೆ ತೆಗೆದರೆ ಬೂಟು ನಿಜಕ್ಕೂ ಒಂದಿಷ್ಟು ಸಡಿಲವಾಗಿತ್ತು, ಆದರೆ ಅಕ್ಷರಗಳೆಲ್ಲ ಒಳಗೆ ಹತ್ತಿಕೊಂಡಿದ್ದವು. ಸಂಜೆ ನೋಡಿದರೆ ನನ್ನ ಬಿಳಿ ಕಾಲುಚೀಲದ ಮೇಲೆ ಯಾವುದೋ ಮದುವೆಯ ಆಮಂತ್ರಣ ತಿರುಗುಮುರುಗಾಗಿ ಅಚ್ಚಾಗಿತ್ತು. (ಅದರಲ್ಲೂ ಒಂದು ತಪ್ಪಿತ್ತು. ತಿದ್ದಿದೆ.)

ಅದೇ ಹೊತ್ತಿಗೆ ನನಗೊಂದು ಮಹಾಸತ್ಯ ಹೊಳೆದದ್ದು. ಕುಳ್ಳನಾದ ನನಗೇ ಈ ಬೂಟು ಇಷ್ಟು ಹಿಡಿಯುವುದಾದರೆ, ಅಷ್ಟೆತ್ತರದ ಏಣಿಗೆ ಇನ್ನೆಷ್ಟು ಹಿಡಿಯುತ್ತಿದ್ದಿರಬೇಕು? ಹಾಗಾದರೆ ಅವನು ಜೀವಮಾನವಿಡೀ ಇದೇ ಅಳತೆಯ ಬೂಟು ಹಾಕಿ, ಮಷೀನಿನ ಮುಂದೆ ನಿಂತು, ನಕ್ಕು ನಗಿಸಿ, ಒಂದು ದಿನವೂ ಅಯ್ಯೋ ಎನ್ನದೆ ಹೋದನಲ್ಲ. ನಮ್ಮ ನಡುವೆ ಒಬ್ಬ ಋಷಿ ಇದ್ದ, ನಾವು ಅವನ ಮುಖವನ್ನಷ್ಟೇ ನೋಡಿದೆವು, ಪಾದ ನೋಡಲಿಲ್ಲ. ಯೋಚಿಸುತ್ತ ಯೋಚಿಸುತ್ತ ಕರವಸ್ತ್ರ ತೆಗೆದು ಕೂತೆ. ಅಳು ಬರಲಿಲ್ಲ. ಅವನು ಹೋದಂದಿನಿಂದ ಅದು ಬಂದಿರಲಿಲ್ಲ. ಬರಬೇಕಾದ ಅಳು ದಾರಿ ತಪ್ಪಿ ಕಾಲಿಗೆ ಇಳಿದಿರಬೇಕು ಎಂದುಕೊಂಡೆ.

ಇದನ್ನು ನನ್ನೊಳಗೇ ಇಟ್ಟುಕೊಂಡಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಪ್ರೆಸ್ಸಿನವರು ಏಣಿಯ ನೆನಪಿಗೆ ಒಂದು ಸಭೆ ಇಟ್ಟುಕೊಂಡು, ಓದಿಕೊಂಡವನೆಂದು ನನ್ನನ್ನೇ ಭಾಷಣಕ್ಕೆ ನಿಲ್ಲಿಸಿದರು. ಬೂಟು ಹಾಕಿಕೊಂಡೇ ಹೋದೆ. ಮಾತಿನ ನಡುವೆ ಬಗ್ಗಿ ಬಲಗಾಲಿನ ಬೂಟು ಬಿಚ್ಚಿ ಮೇಜಿನ ಮೇಲಿಟ್ಟೆ.

"ಇದನ್ನು ನೋಡಿ" ಎಂದೆ. "ಇದು ಬೂಟಲ್ಲ, ತಪಸ್ಸು. ಈ ಇಕ್ಕಟ್ಟಿನಲ್ಲಿ ಆ ಮಹಾನುಭಾವ ಬದುಕಿದ. ನೋವು ಅವನ ಬೆರಳುಗಳನ್ನು ಒತ್ತುತ್ತಿತ್ತು, ಅವನು ನಮಗೆ ಜೋಕು ಹೇಳುತ್ತಿದ್ದ."

ಬೈಂಡಿಂಗ್ ವಿಭಾಗದವರು ಮೂಗು ಒರೆಸಿಕೊಂಡರು. ಮಾಲೀಕರು ಕನ್ನಡಕ ತೆಗೆದರು. ಮುಂದಿನ ಸಾಲಿನಲ್ಲಿ ಅತ್ತಿಗೆ ನೆಲ ನೋಡುತ್ತ ಕೂತಿದ್ದರು, ಸಭೆ ಮುಗಿಯುವ ಮೊದಲೇ ಎದ್ದು ಹೋದರು. ನನ್ನ ವಾಗ್ವೈಖರಿಯ ಪರಿಣಾಮ ಎಂದುಕೊಂಡೆ. ಮಾಲೀಕರು ಭಾಷಣವನ್ನು ನೆನಪಿನ ಪುಸ್ತಿಕೆಯಲ್ಲಿ ಹಾಕಿಸುತ್ತೇನೆಂದರು. ಇಳಿಯುವಾಗ ಬೂಟು ವಾಪಸು ಹಾಕಿಕೊಳ್ಳಲು ಆಗಲಿಲ್ಲ. ಕಾಲು ಅಷ್ಟರಲ್ಲಿ ಬಿಡುಗಡೆಯ ರುಚಿ ಕಂಡು ಊದಿಕೊಂಡಿತ್ತು. ಒಂದು ಕಾಲಿಗೆ ಬೂಟು, ಇನ್ನೊಂದು ಬರಿಗಾಲು, ಹಾಗೆ ಬೀದಿಯಲ್ಲಿ ನಡೆದೆ. ಜನ ಅದನ್ನೂ ಶೋಕದ ಲಕ್ಷಣವೆಂದೇ ತಿಳಿದು ದಾರಿ ಬಿಟ್ಟರು.

ಭಾನುವಾರ ಗುಡ್ಡಕ್ಕೆ ಹೊರಟೆ. ನನ್ನವಳು ಬಾಗಿಲಿಗೆ ಅಡ್ಡ ನಿಂತಳು.

"ಒಂದು ಕಾಲು ನೆಟ್ಟಗಿಲ್ಲ, ಗುಡ್ಡ ಹತ್ತೋಕೆ ಹೊರಟಿದ್ದಾರೆ. ಅವರು ಬದುಕಿದ್ದಿದ್ರೆ ನಿಮಗೆ ಬೈತಿದ್ರು."

"ಬದುಕಿದ್ದಿದ್ರೆ ನಾನು ಯಾಕೆ ಈ ಶೂ ಹಾಕ್ತಿದ್ದೆ?"

ಈ ವಾದ ಕೇಳಿ ಅವಳು ಪಕ್ಕಕ್ಕೆ ಸರಿದಳು. ಅದೊಂದು ಅಪೂರ್ವ ವಿಜಯ. ಅದರ ಉತ್ಸಾಹದಲ್ಲಿ ಮೆಟ್ಟಿಲು ಇಳಿದೆ. ಗುಡ್ಡದ ಬುಡ ತಲುಪಲಿಲ್ಲ. ನಮ್ಮ ಮನೆಯ ಮೆಟ್ಟಿಲ ಬುಡವನ್ನೂ ನೆಟ್ಟಗೆ ತಲುಪಲಿಲ್ಲ. ಬೆರಳು ಮಡಿಸಿಕೊಂಡಿದ್ದ ಕಾಲು ಕೊನೆಯ ಮೆಟ್ಟಿಲಿನ ಅಂಚಿಗೆ ತಗುಲಿ ಒಳಕ್ಕೆ ಹೊರಳಿ, ನಾನು ಒಂದು ಕಡೆ, ಪಾದ ಇನ್ನೊಂದು ಕಡೆ ಹೊರಟೆವು. ಕಾಲು ಉಳುಕಿತು ಎನ್ನುವುದು ಚಿಕ್ಕ ಮಾತು. ನೋಡನೋಡುತ್ತಿದ್ದಂತೆ ಕಾಲಿನ ಕೀಲು ಇಡ್ಲಿಪಾತ್ರೆಯ ಹಿಟ್ಟಿನ ಹಾಗೆ ಉಬ್ಬಿತು.

ಪಕ್ಕದ ಮನೆಯಾಕೆ ಎಣ್ಣೆ ಕಾಯಿಸಿ ಉಜ್ಜುತ್ತೇನೆಂದು ತೋಳೇರಿಸಿ ಬಂದರು. ನನ್ನವಳು ಅವರನ್ನು ಬಾಗಿಲಲ್ಲೇ ತಡೆದು, ಫ್ರೀಜರಿನಿಂದ ಬಟಾಣಿಯ ಪ್ಯಾಕೆಟ್ಟು ತೆಗೆದು, ಟವೆಲಿನಲ್ಲಿ ಸುತ್ತಿ ನನ್ನ ಕಾಲಿನ ಮೇಲಿಟ್ಟಳು. ನನ್ನನ್ನು ಸೋಫಾದ ಮೇಲೆ ಅಂಗಾತ ಮಲಗಿಸಿ, ಮನೆಯಲ್ಲಿದ್ದ ಎಲ್ಲ ದಿಂಬುಗಳನ್ನು ಕಾಲ ಕೆಳಗೆ ಪೇರಿಸಿದಳು. ಕಾಲು ಎದೆಗಿಂತ ಮೇಲಿರಬೇಕಂತೆ, ಊತ ಇಳಿಯಲು. ದಿಂಬು ಸಾಲದೆ ನನ್ನ ನಿಘಂಟಿನ ಸಂಪುಟಗಳನ್ನೂ ತಂದಳು. ಅಕಾರದಿಂದ ಹಕಾರದವರೆಗೆ ಸಮಸ್ತ ಪದಸಂಪತ್ತಿನ ಮೇಲೆ ನನ್ನ ಕಾಲು ವಿರಾಜಮಾನವಾಯಿತು. ನನ್ನ ಬಾಯಲ್ಲಿ ಮಾತ್ರ "ಅಮ್ಮಾ" ಎನ್ನುವ ಒಂದೇ ಪದ ಉಳಿಯಿತು.

ಮೂಳೆ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ಕಾಲನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಓದಿದರು.

"ಉಗುರಿನ ಕೆಳಗೆ ರಕ್ತ, ಹಿಮ್ಮಡಿಗೆ ಬೊಬ್ಬೆ, ಪಾದದ ತಳ ಬಿಗಿ, ಹಿಂದಿನ ಸ್ನಾಯುಹುರಿ ಊದಿದೆ, ಈಗ ಉಳುಕು. ಇದೆಲ್ಲ ಒಂದೇ ಕಾಲಿಗೆ ಹೇಗೆ ಸಾಧ್ಯ ಆಯ್ತು? ನಿಮಗೆ ತೊಂದರೆ ಇಲ್ಲದಿದ್ದರೆ ನಮ್ಮ ವಿದ್ಯಾರ್ಥಿಗಳನ್ನ ಕರೀಲಾ? ಪುಸ್ತಕದಲ್ಲಿ ಇದಕ್ಕೆ ಒಂದು ಪೂರ್ತಿ ಅಧ್ಯಾಯ ಬೇಕು."

ವಿದ್ಯಾರ್ಥಿಗಳು ಬಂದರು. ಒಬ್ಬೊಬ್ಬರೂ ಒಂದೊಂದು ಕಡೆ ಒತ್ತಿ, ನಾನು ಎಲ್ಲಿ ಕೂಗುತ್ತೇನೆ ಎಂದು ಬರೆದುಕೊಂಡರು. ಎಕ್ಸ್‌ರೇಯಲ್ಲಿ ಮೂಳೆ ಮುರಿದಿರಲಿಲ್ಲ. ಡಾಕ್ಟರು ಪಟ್ಟಿ ಸುತ್ತುತ್ತ, "ಬೆರಳು ಜೋಮು ಹಿಡಿದರೆ, ನೀಲಿ ಆದರೆ ಸಡಿಲ ಮಾಡಿ. ಐಸು ನೇರವಾಗಿ ಚರ್ಮಕ್ಕೆ ಬೇಡ. ಬಿಸಿ ಎಣ್ಣೆ, ತಿಕ್ಕೋದು ಈಗ ಬೇಡವೇ ಬೇಡ. ನೀವು ತಂದಿರೋ ಈ ಶೂ ಯಾರದು?" ಎಂದರು.

"ನನ್ನ ಗೆಳೆಯನದು."

"ಅವರೂ ಬಂದು ತೋರಿಸಿಕೊಳ್ಳಲಿ. ಇದನ್ನ ಹಾಕ್ತಿದ್ದರೆ ಅವರ ಕಾಲೂ ಸರಿ ಇರೋಕೆ ಸಾಧ್ಯ ಇಲ್ಲ."

"ಈಗ ಅವನಿಗೆ ಏನೂ ನೋವಿಲ್ಲ" ಎಂದೆ. ನನ್ನವಳು ಕಿಟಕಿಯ ಹೊರಗೆ ನೋಡಿದಳು. ವಿದ್ಯಾರ್ಥಿಗಳು ಅದನ್ನೂ ಬರೆದುಕೊಂಡರು.

ಹೀಗೆ ನಾನು ಸೋಫಾವಾಸಿಯಾದೆ. ಬೂಟನ್ನು ಒರೆಸಿ, ಪಾಲಿಶ್ ಹಾಕಿ, ಕಣ್ಣಿಗೆ ಕಾಣುವ ಹಾಗೆ ಪುಸ್ತಕದ ಕಪಾಟಿನಲ್ಲಿಡಿಸಿದೆ. ಬೆಳಿಗ್ಗೆ ಪೇಪರಿನ ಮುಖ್ಯಾಂಶಗಳನ್ನು ಗಟ್ಟಿಯಾಗಿ ಓದಿ ಅದಕ್ಕೆ ಕೇಳಿಸುತ್ತಿದ್ದೆ. "ಅವರಿಗೆ ಪೇಪರ್ ಓದೋದು ಮುಗೀತಾ? ಹಾಗಿದ್ರೆ ಬಟಾಣಿ ಕೊಡಿ, ಅಡುಗೆಗೆ ಬೇಕು" ಎನ್ನುತ್ತಿದ್ದಳು ನನ್ನವಳು.

ಒಂದು ಸಂಜೆ ಭಾವಮೈದ ನನ್ನನ್ನು ನೋಡಲು ಬಂದ. ಬಂದವನೇ ಎದುರಿನ ಕುರ್ಚಿಯಲ್ಲಿ ಕೂತು ತನ್ನ ಕಾಲಿನ ಕಥೆ ತೆಗೆದ. ರೋಗಿಯನ್ನು ನೋಡಲು ಬಂದು ತನ್ನ ರೋಗ ಹೇಳುವುದು ಅವನ ಪದ್ಧತಿ.

"ಭಾವ, ನನ್ನ ಹಿಮ್ಮಡಿ ನೋವು ನೆನಪಿದೆಯಾ? ಮೆಟ್ಟಿಲು ಹತ್ತಿ ಇಳಿದು ಸತ್ತುಹೋಗಿದ್ದೆ. ಈಗ ಮಾಯ. ದಿನಾ ಬೆಳಿಗ್ಗೆ ಗುಡ್ಡ ಹತ್ತುತ್ತೀನಿ. ಟ್ಯಾಂಕ್ ಹತ್ತಿರ ಒಂದು ಕಲ್ಲುಬೆಂಚು ಇದೆ ನೋಡಿ, ಏನು ಗಾಳಿ ಅಲ್ಲಿ. ನೀವು ನೋಡಿದ್ದೀರಾ?"

ನಾನು ಕಣ್ಣು ಮುಚ್ಚಿದೆ. ಕಾಲಿಗೆ ಕಟ್ಟಿದ್ದ ಪಟ್ಟಿಯನ್ನು ಅವನ ಬಾಯಿಗೆ ಕಟ್ಟಲು ಸಾಧ್ಯವೇ ಎಂದು ಯೋಚಿಸುತ್ತಿದ್ದಾಗ ಕರೆಗಂಟೆ ಸದ್ದಾಯಿತು. ಅತ್ತಿಗೆ ಬಂದಿದ್ದರು. ನನ್ನವಳು "ಬನ್ನಿ ಅಕ್ಕ" ಎಂದು ಕೈ ಹಿಡಿದು ಕರೆತಂದು ಕೂರಿಸಿದಳು. ಆ ಮುಖ ಸೋತುಹೋಗಿತ್ತು, ಕಣ್ಣ ಕೆಳಗೆ ಕಪ್ಪು.

"ನಿಮ್ಮನ್ನ ಒಂದು ಮಾತು ಕೇಳಬೇಕು ಅಂತ ಬಂದೆ" ಎಂದರು ನನಗೆ. "ನಿಜ ಹೇಳಿ. ಅವರಿಗೆ ಕಾಲು ಅಷ್ಟು ನೋಯ್ತಿತ್ತಾ?"

ನಾನು ಕಾಲಿನ ಪಟ್ಟಿಯ ಅಂಚು ಸರಿಮಾಡಿಕೊಂಡೆ.

"ನೀವು ಸಭೆಯಲ್ಲಿ ಹೇಳಿದ ಮೇಲೆ ನನಗೆ ನಿದ್ದೆ ಇಲ್ಲ. ನಾನು ಅವರ ಹೆಂಡ್ತಿ. ಅವರ ಕಾಲುಚೀಲ ಒಗೆದವಳು ನಾನು, ಉಗುರು ಕತ್ತರಿಸೋಕೆ ಬಗ್ಗೋಕಾಗಲ್ಲ ಅಂದರೆ ಕತ್ತರಿಸಿ ಕೊಡ್ತಿದ್ದವಳು ನಾನು. ಶೂ ಬೆರಳು ಹಿಡೀತಿತ್ತು ಅಂತ ನನಗೆ ಗೊತ್ತೇ ಆಗಲಿಲ್ಲವಲ್ಲ. ನನ್ನ ಹತ್ತಿರ ಯಾಕೆ ಹೇಳಲಿಲ್ಲ ಅವರು? ನಾನು ಅಷ್ಟು ಕೆಟ್ಟವಳಾ?"

ಆಗ ನನಗೆ ನನ್ನ ವಾಗ್ವೈಖರಿಯ ಬೆಲೆ ತಿಳಿಯಿತು. ಗೆಳೆಯನನ್ನು ಋಷಿ ಮಾಡುವ ಭರದಲ್ಲಿ ಅವನ ಹೆಂಡತಿಯನ್ನು ನಾನು ಕಟಕಟೆಯಲ್ಲಿ ನಿಲ್ಲಿಸಿದ್ದೆ. ಏಣಿ ಇದನ್ನು ಕೇಳಿದ್ದರೆ ನನ್ನನ್ನು ಎತ್ತಿ ಟ್ಯಾಂಕಿನೊಳಗೆ ಹಾಕುತ್ತಿದ್ದ. "ಅವನು... ತುಂಬಾ ಸಹನೆಯವನು" ಎಂದೆ.

"ಸಹನೆನಾ?" ಎಂದರು ಅತ್ತಿಗೆ. "ತಿಂಡಿ ಐದು ನಿಮಿಷ ತಡ ಆದರೆ ಮನೆ ಮೇಲು ಕೆಳಗೆ ಮಾಡ್ತಿದ್ದರು. ಅಂಥವರು ಇದೊಂದನ್ನ ಹೇಗೆ ಬಚ್ಚಿಟ್ಟರು? ಆ ಶೂ ಎಲ್ಲಿ, ಒಂದು ಸಲ ನೋಡ್ತೀನಿ. ಅವತ್ತು ಕಣ್ಣೆತ್ತಿ ನೋಡಲಿಲ್ಲ ನಾನು."

ನನ್ನವಳು ಕಪಾಟಿನಿಂದ ಬೂಟು ತಂದು ಅವರ ಮಡಿಲಲ್ಲಿಟ್ಟಳು. ಅತ್ತಿಗೆ ಅದನ್ನು ತಿರುಗಿಸಿ ನೋಡಿದರು. ಹುಬ್ಬು ಗಂಟಿಕ್ಕಿತು. ಒಳಗೆ ಕೈ ಹಾಕಿ ತಡಕಾಡಿದರು.

"ಕಂಬಳಿ ಎಲ್ಲಿ?"

"ಯಾವ ಕಂಬಳಿ?" ಎಂದೆ.

"ನಿಂತು ನಿಂತು ಹಿಮ್ಮಡಿ ನೋವು ಅವರಿಗೆ. ಅದನ್ನ ಮನೇಲಿ ದಿನಾ ಹೇಳ್ತಿದ್ದರು, ಬೆರಳು ಹಿಡಿಯುತ್ತೆ ಅಂತ ಮಾತ್ರ ಒಂದು ದಿನವೂ ಹೇಳಲಿಲ್ಲ. ಶೂ ತಂದ ದಿನವೇ ಹಳೇ ಕಂಬಳಿ ಕತ್ತರಿಸಿ, ಎರಡು ಪದರ ಸೇರಿಸಿ ಹೊಲಿದು, ಒಳಗೆ ಹಾಕಿಕೊಟ್ಟಿದ್ದೆ. ಇದರಲ್ಲಿ ಬರೀ ಏನೋ ಅಕ್ಷರ ಇದೆ."

ಆಗ ಒಂದು ವಿಚಿತ್ರ ನಡೆಯಿತು. ನನ್ನ ಭಾವಮೈದ ಮಾತಾಡುತ್ತಿರಲಿಲ್ಲ. ಅವನ ಬಾಯಿ ತೆರೆದಿತ್ತು, ಸದ್ದು ಮಾತ್ರ ಇರಲಿಲ್ಲ. ಕಡೆಗೆ ಸಣ್ಣ ಧ್ವನಿಯಲ್ಲಿ ಕೇಳಿದ:

"ನೀಲಿ ಗೆರೆ ಇರೋ ಕಂಬಳಿನಾ?"

"ಹೂಂ. ನಿಮಗೆ ಹೇಗೆ ಗೊತ್ತು?"

ನನ್ನವಳು ಎದ್ದು, ಬಾಗಿಲ ಹೊರಗೆ ಹೋಗಿ, ಒಂದು ಜೊತೆ ಕಂದು ಬೂಟು ಹಿಡಿದು ಬಂದಳು. ಎರಡು ಸಣ್ಣ ದೋಣಿಗಳು. ಒಳಗೆ ನೀಲಿ ಗೆರೆಯ ಕಂಬಳಿ.

"ಪುಟ್ಟಾ" ಎಂದಳು ತಮ್ಮನಿಗೆ. ಆ ಒಂದು ಪದದಲ್ಲಿ ಬಹಳಷ್ಟಿತ್ತು.

"ಅಕ್ಕ, ಸ್ವಲ್ಪ ಕೇಳು. ನಂದೂ ಕಂದು ಬಣ್ಣದ್ದೇ, ಹೊಸದೇ. ಅಂಗಡಿಯಲ್ಲಿ ಒಂದೇ ಜೊತೆ ಉಳಿದಿತ್ತು, ಅರ್ಧ ರೇಟು, ಅಳತೆ ಚಿಕ್ಕದಾದರೂ ತಗೊಂಡುಬಿಟ್ಟೆ. ಅವತ್ತು ಆ ರಾಶಿಯಲ್ಲಿ ಕಂಡದ್ದಕ್ಕೆ ಕಾಲು ಹಾಕಿದೆ. ಬೀದಿ ತಿರುಗೋ ಹೊತ್ತಿಗೆ ಗೊತ್ತಾಯ್ತು ನಂದಲ್ಲ ಅಂತ. ಯಾಕೆಂದರೆ ನೋವೇ ಇರಲಿಲ್ಲ."

"ವಾಪಸು ಹೋಗಿ ಕೇಳಬಾರದಿತ್ತಾ?" ಎಂದೆ ನಾನು, ನಿಘಂಟಿನ ಮೇಲಿನಿಂದ ಅರ್ಧ ಎದ್ದು.

"ಭಾವ, ನೀವು ಓದಿದವರು, ನೀವೇ ಹೇಳಿ. ಸಾವಿನ ಮನೆಗೆ ಹೋಗಿ ನನ್ನ ಶೂ ಎಲ್ಲಿ ಅಂತ ಕೇಳೋದು ಮರ್ಯಾದೆನಾ?"

ಆ ಮನುಷ್ಯನ ಬದುಕಿನಲ್ಲಿ ಸಂಕೋಚ ಎನ್ನುವುದು ಕಾಲಿಟ್ಟದ್ದು ಅದೊಂದೇ ಸಲ, ಅದೂ ನನ್ನ ಕಾಲಿನ ಖರ್ಚಿನಲ್ಲಿ. ನಾನು ಒರೆಸಿದ, ಪಾಲಿಶ್ ಹಾಕಿದ, ಪೇಪರ್ ಓದಿ ಹೇಳಿದ, ಮೇಜಿನ ಮೇಲಿಟ್ಟು ತಪಸ್ಸು ಎಂದು ಕೊಂಡಾಡಿದ ಬೂಟು ನನ್ನ ಭಾವಮೈದನದು. ಮೂವತ್ತು ವರ್ಷ ಊರಿನವರ ತಪ್ಪು ಹುಡುಕಿದ ಕಣ್ಣಿಗೆ ಇದು ಕಾಣಲಿಲ್ಲ.

ಅತ್ತಿಗೆ ಎರಡು ಜೊತೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಚಿಕ್ಕದನ್ನು ದೊಡ್ಡದರೊಳಗೆ ಇಳಿಸಿದರು. ಅದು ಸಲೀಸಾಗಿ ಒಳಗೆ ಹೋಗಿ ಕೂತಿತು.

"ಇದನ್ನ ಅವರು ಹಾಕ್ತಿದ್ದರು ಅಂತ ನೀವು ಅಂದುಕೊಂಡಿರಾ?" ಎಂದು ನನ್ನನ್ನು ಕೇಳಿದರು. "ಇದರಲ್ಲಿ ಅವರ ಹೆಬ್ಬೆರಳು ಹಿಡಿಸ್ತಿರಲಿಲ್ಲ. ಇದನ್ನ ಹಾಕ್ಕೊಂಡು ನೀವು ಗುಡ್ಡಕ್ಕೆ ಹೊರಟಿರಿ?"

"ಮೆಟ್ಟಿಲವರೆಗೆ ಹೋದರು" ಎಂದಳು ನನ್ನವಳು.

ಅತ್ತಿಗೆಯ ಭುಜ ಅಲುಗಾಡತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ಅವರು ನಗುತ್ತಿದ್ದರು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ದಿಂಬು, ನಿಘಂಟು, ಬಟಾಣಿ, ಅದರ ಮೇಲೆ ನನ್ನ ಕಾಲು, ಒಂದೊಂದನ್ನೂ ನೋಡಿ ನೋಡಿ ನಕ್ಕರು. "ಬೂಟಲ್ಲ, ತಪಸ್ಸು" ಎಂದು ನನ್ನದೇ ಧ್ವನಿಯಲ್ಲಿ ಹೇಳಿ, ಮತ್ತೆ ನಕ್ಕು, ಕೊನೆಗೆ ಕಣ್ಣೊರೆಸಿಕೊಂಡರು. ನನ್ನವಳೂ ಸೇರಿಕೊಂಡಳು. ಭಾವಮೈದ ನಗಬಹುದೋ ಇಲ್ಲವೋ ಎಂದು ನನ್ನ ಮುಖ ನೋಡಿ, ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕ. ನಾನು ಮೇಲೆತ್ತಿದ ಕಾಲಿನೊಡನೆ ಮಲಗಿಕೊಂಡು, ಆ ಹೆಂಗಸಿನ ನಗೆ ಮುಗಿಯದಿರಲಿ ಎಂದುಕೊಂಡೆ.

ಬೂಟಿನ ಪಂಚಾಯಿತಿ ಅತ್ತಿಗೆಯೇ ತೀರಿಸಿದರು. ಏಣಿಯ ಬೂಟಿನಲ್ಲಿ ನನ್ನ ಒಳ್ಳೆಯ ಕಾಲನ್ನು ಇಟ್ಟು ನೋಡಿದರೆ ಅದು ಒಳಗೆ ಈಜಿತು. ಕಂಬಳಿ, ದಪ್ಪ ಕಾಲುಚೀಲ ಎರಡೂ ಸೇರಿ ಭಾವಮೈದನಿಗೆ ಅದು ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ಅವನ ಬೂಟು ಅವನಿಗೆ ಇನ್ನೂ ಹಿಡಿಯುತ್ತಿತ್ತು. ಆದರೆ ಒದ್ದೆ ಕರಡು, ನನ್ನ ಬೊಬ್ಬೆ, ನನ್ನ ಉಗುರು ಎಲ್ಲ ಸೇರಿ ಅದನ್ನು ಕಾಲಕ್ರಮೇಣ ನನ್ನ ಕಾಲಿನ ಆಕಾರಕ್ಕೇ ತಂದಿದ್ದವು.

"ಯಾರಿಗೆ ಯಾವುದು ಸರಿಯೋ ಅವರು ಅದನ್ನ ಹಾಕ್ಕೊಳ್ಳಿ" ಎಂದರು ಅತ್ತಿಗೆ.

"ಅತ್ತಿಗೆ, ಏಣಿಯ ಶೂ ಇವನ ಕಾಲಿಗಾ? ಅವನು ಒಪ್ಪುತ್ತಾನಾ?"

"ಒಪ್ಪಲ್ಲ. ಬೈತಾರೆ. ಬೈಯಲಿ. ಕಾಲು ಸರಿಹೋದ ಮೇಲೆ ಇಬ್ಬರೂ ಒಟ್ಟಿಗೆ ಹೋಗಿ ಬನ್ನಿ."

ಮಾರನೆಯ ದಿನ ಪುಸ್ತಿಕೆಯ ಕರಡು ಸೋಫಾಕ್ಕೇ ಬಂತು. ನನ್ನ ಭಾಷಣದ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದೆ. "ಅವನ ಬೂಟು ಅವನಿಗೆ ಸರಿಯಾಗಿತ್ತು, ಅವನ ಹೆಂಡತಿ ಅದರೊಳಗೆ ಕಂಬಳಿ ಹೊಲಿದು ಹಾಕಿದ್ದರು" ಎಂದು ಬರೆದೆ. ಅವನ ಬಗ್ಗೆ ನಾನು ಬರೆದದ್ದರಲ್ಲಿ ಅದೊಂದೇ ನಿಜ. ಪ್ರೆಸ್ಸಿನಲ್ಲಿ ಈಗ ಯಾರಾದರೂ ನೆಗಡಿ ಬಂದು ಸೀನಿದರೂ, "ನೆಗಡಿಯಲ್ಲ, ತಪಸ್ಸು" ಎನ್ನುತ್ತಾರೆ.

ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಮಾಡಿದೆ, ಒಂಟಿಕಾಲಲ್ಲಿ ಕೊಕ್ಕರೆಯ ಹಾಗೆ ನಿಂತೆ, ಗೋಡೆಗೆ ಕೈ ಕೊಟ್ಟು ಮೀನಖಂಡ ಹಿಗ್ಗಿಸಿದೆ. ಕಪ್ಪು ಉಗುರು ತಾನಾಗಿಯೇ ಕಳಚಿ ಬಿದ್ದು ಕೆಳಗೆ ಹೊಸದೊಂದು ಇಣುಕಿತು. ಡಾಕ್ಟರು ಒತ್ತಿ ನೋಡಿ, "ಇನ್ನು ಹೋಗಬಹುದು, ನಿಧಾನಕ್ಕೆ" ಎಂದ ಮೇಲೆ, ಒಂದು ಭಾನುವಾರ ಹೊರಟೆವು. ಭಾವಮೈದನ ಬೂಟಿನಲ್ಲಿ ನಾನು. ಏಣಿಯ ಬೂಟಿನಲ್ಲಿ ಭಾವಮೈದ.

ಅವನು ಮುಂದೆ, ನಾನು ಹಿಂದೆ. ದಾರಿಯುದ್ದಕ್ಕೂ ನೀರಿನಲ್ಲಿ ಏನೇನು ಕರಗಿರುತ್ತದೆ ಎಂದು ಹೇಳುತ್ತಿದ್ದ. ನಾನು ಅವನ ಕಾಲುಗಳನ್ನೇ ನೋಡುತ್ತಿದ್ದೆ. ಆ ದೊಡ್ಡ ಕಂದು ಬೂಟುಗಳು ಕಲ್ಲು ದಾಟಿ, ತಿರುವು ದಾಟಿ, ಒಂದರ ನಂತರ ಒಂದು ಮೇಲೇರುತ್ತಿದ್ದವು. ತಲೆ ಎತ್ತದೆ ನಡೆದರೆ ಸಾಕಿತ್ತು.

ಮೇಲೆ ಅವನು ಕಲ್ಲುಬೆಂಚಿನ ಮೇಲೆ, ಏಣಿ ಕೂರುತ್ತಿದ್ದ ಕಡೆಯೇ ಕಾಲು ಚಾಚಿ ಕೂತ. ನಾನು ನನ್ನ ಜಾಗದಲ್ಲಿ ಕೂತೆ. ಕೆಳಗೆ ಊರು ತನ್ನ ಸಮಸ್ಯೆಗಳೊಡನೆ ಬಿದ್ದುಕೊಂಡಿತ್ತು. ಚಿಕ್ಕದಾಗಿ ಒಂದು ಭಾಷಣ ಮಾಡಬೇಕಿತ್ತು. ಬಾಯಿ ತೆರೆದೆ. ಇಷ್ಟು ದಿನ ಎಲ್ಲೆಲ್ಲೋ ಅಲೆದಾಡಿದ ಅಳು ಆಗ ದಾರಿ ಹುಡುಕಿಕೊಂಡು ಬಂತು, ಬಂದದ್ದು ನಿಲ್ಲಲೇ ಇಲ್ಲ.

ಭಾವಮೈದ ನೀರಿನ ಗಡಸುತನದ ವಿಷಯ ಅರ್ಧಕ್ಕೆ ಬಿಟ್ಟು ನನ್ನ ಕಡೆ ತಿರುಗಿದ.

"ಭಾವ, ಶೂ ಕಚ್ತಿದೆಯಾ?"

"ಹೂಂ ಕಣೋ" ಎಂದೆ. "ಸ್ವಲ್ಪ ಕಚ್ತಿದೆ."

ಅವನು ಬೆಂಚಿನಿಂದ ಇಳಿದು, ನನ್ನ ಮುಂದೆ ಮಂಡಿಯೂರಿ ಕೂತು, ಎರಡೂ ಬೂಟಿನ ಲೇಸು ಸಡಿಲ ಮಾಡತೊಡಗಿದ. "ಮೊದಲೇ ಬಾಯಿಬಿಟ್ಟು ಹೇಳಬಾರದಾ? ಸುಮ್ಮನೆ ನೋವು ತಿಂದುಕೊಂಡು ಇಷ್ಟು ಮೇಲೆ ಹತ್ತಿದ್ದೀರಿ" ಎಂದು ಗೊಣಗಿದ.

ನಾನು ಸುಮ್ಮನೆ ಕಾಲು ಮುಂದೆ ಚಾಚಿ ಕೂತೆ. ಬೂಟು ಎಲ್ಲೂ ಬಿಗಿಯಾಗಿರಲಿಲ್ಲ.